ಪುದೀನ ತಲೆಗೇರಿದ ಸಂಜೆ

ಮ್ಯಾನೇಜರ್ ಸಾಹೇಬರಿಗೆ ಸಕ್ಕರೆ ಕಾಯಿಲೆ ಬಂದದ್ದು ಉಗ್ರಾಣದ ಗುಮಾಸ್ತನಿಗೆ ಮುಳುವಾಯಿತು. ಛತ್ರಿ ಕಾರ್ಖಾನೆಯ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಉಗ್ರಾಣದಲ್ಲಿ ಛತ್ರಿಯ ಹಿಡಿಗಳ ನಡುವೆ ಕೂತಿದ್ದವನನ್ನು ಅವರು ಮೇಲಕ್ಕೆ ಕರೆಸಿದರು.

"ನನಗೆ ಬಡ್ತಿ ಬಂದಿದೆ ಕಣ್ರೀ. ಸಂಜೆ ಸಣ್ಣ ಪಾರ್ಟಿ. ಪಾನೀಯ ನಿಮ್ಮ ಜವಾಬ್ದಾರಿ. ಸಕ್ಕರೆ ಇರಬಾರದು, ಹೆಂಡದ ವಾಸನೆಯೂ ಇರಬಾರದು. ಆದ್ರೆ ನೋಡೋಕೆ ಕಾಕ್‌ಟೇಲ್ ಥರ ಗತ್ತಾಗಿರಬೇಕು. ಚೆನ್ನಾಗಾದ್ರೆ ನಿಮಗೆ ಮೇಲೆ ಕಿಟಕಿ ಪಕ್ಕ ಒಂದು ಕುರ್ಚಿ ಹಾಕ್ಸೋಣ."

ಗುಮಾಸ್ತ ಕಿತ್ತಳೆ ಹಣ್ಣು ತಂದ. ಟೈಪಿಸ್ಟ್ ಅಕ್ಕ ಗದರಿದಳು: "ಹಣ್ಣಿನ ಸಕ್ಕರೆ ಸಕ್ಕರೆ ಅಲ್ವೇನಪ್ಪಾ?" ನಿಂಬೆಹಣ್ಣು ಹಿಂಡಿದ. ಕ್ಯಾಷಿಯರ್ ಮೂಗು ಮುರಿದ: "ಇದೇನು ಭೇದಿಗೆ ಔಷಧಿನಾ? ಶುಂಠಿ ಜಜ್ಜಿ ಹಾಕಯ್ಯ." ಕೊನೆಗೆ ನಿಂಬೆ, ಶುಂಠಿ, ಚಿಟಿಕೆ ಉಪ್ಪು, ಬಣ್ಣಕ್ಕೆ ತಣ್ಣಗಿನ ಕಪ್ಪು ಟೀ, ಮೇಲೆ ಸೋಡಾ, ನೆತ್ತಿಗೊಂದು ಪುದೀನ ಕುಡಿ. ಎತ್ತರದ ಗಾಜಿನ ಲೋಟಗಳಲ್ಲಿ ಆ ನಿಂಬೆನೀರು ಮದುವಣಿಗನ ಹಾಗೆ ಮಿಂಚಿತು.

ಸಂಜೆ ಪಾರ್ಟಿಯಲ್ಲಿ ಮೊದಲ ಲೋಟ ಎತ್ತಿದವನು ಕ್ಯಾಷಿಯರ್. ಗುಟುಕರಿಸಿ ಕಣ್ಣು ಮಿಟುಕಿಸಿದ. "ಶುಂಠಿ ಅಡಿಯಲ್ಲಿ ಏನೋ ಮುಚ್ಚಿಟ್ಟಿದೀಯ. ಭಲೇ ಛತ್ರಿ ಕಣಯ್ಯ ನೀನು!"

"ಅಯ್ಯೋ ಇಲ್ಲ, ಬರೀ ಟೀ..."

ಕೇಳುವವರು ಯಾರು? ಎರಡನೇ ಲೋಟಕ್ಕೆ ಅವನ ಅಂಗಿಯ ಗುಂಡಿ ಬಿಚ್ಚಿತು. ಮೂರನೆಯದಕ್ಕೆ ನಾಲಿಗೆ ಬಿಚ್ಚಿತು. ಕುರ್ಚಿಯ ಮೇಲೆ ಹತ್ತಿ ನಿಂತು ಮ್ಯಾನೇಜರರಿಗೇ ಬೆರಳು ತೋರಿಸಿದ: "ಸಾರ್! ನಿಮ್ಮ ಜೋಕಿಗೆ ನಕ್ಕೂ ನಕ್ಕೂ ನನ್ನ ದವಡೆ ಸವೆದಿದೆ. ಒಂದಕ್ಕಾದ್ರೂ ನಗು ಬಂದಿದ್ರೆ ಕೇಳಿ!"

ಅಷ್ಟರಲ್ಲಿ ಟೈಪಿಸ್ಟ್ ಅಕ್ಕ ತೂರಾಡುತ್ತ ಎದ್ದಳು. "ನಿಮ್ಮ ಕಾಗದದ ತಪ್ಪು ತಿದ್ದಿ ತಿದ್ದಿ ನನಗೆ ಕನ್ನಡಕ ಬಂತು ಸಾರ್! ಬಡ್ತಿ ಮಾತ್ರ ನಿಮಗೆ ಬಂತು!"

ಪಾರ್ಟಿಗೆ ಬಂದಿದ್ದ ಮ್ಯಾನೇಜರರ ಹೆಂಡತಿ ಸಿಡಿದೆದ್ದರು. "ಡಾಕ್ಟರು ಬೇಡ ಅಂದಮೇಲೂ ಇಲ್ಲಿಗೆ ಹೆಂಡ ತಂದವರು ಯಾರು?"

ಗುಮಾಸ್ತ ಓಡಿಬಂದು ಒಂದು ಲೋಟ ಮುಂದೆ ಹಿಡಿದ. "ನನ್ನ ಮಕ್ಕಳಾಣೆ ಅಮ್ಮ, ಒಂದು ತೊಟ್ಟೂ ಇಲ್ಲ. ನೀವೇ ಕುಡಿದು ನೋಡಿ!"

ಅವರು ಮೂಸಿದರು, ಚಪ್ಪರಿಸಿದರು. "ನಿಜ ಕಣ್ರೀ. ಬರೀ ತಣ್ಣಗಿನ ಟೀ!" ಎಂದು ಗಂಡನ ಕಿವಿಯಲ್ಲಿ ಹೇಳಿ ದಂಗಾಗಿ ಕೂತರು.

ಮ್ಯಾನೇಜರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಯಾಷಿಯರನನ್ನು ಕುರ್ಚಿಯಿಂದಿಳಿಸಿ ತಬ್ಬಿಕೊಂಡರು. "ಹೋಗ್ಲಿ ಬಿಡಯ್ಯ, ಕುಡಿದವನ ಮಾತನ್ನ ಯಾರು ಮನಸ್ಸಿಗೆ ಹಚ್ಕೋತಾರೆ?"

ಗುಮಾಸ್ತ ಬೆರಗಾದ. ಬೈದವನಿಗೇ ಅಪ್ಪುಗೆ! ತಾನು ನೆಲಮಾಳಿಗೆಯಲ್ಲಿ ನುಂಗಿಕೊಂಡ ಮಾತುಗಳೇನು ಕಡಿಮೆಯೇ? ಒಂದು ಲೋಟವನ್ನು ಗಟಗಟ ಇಳಿಸಿದ. ಮೊಣಕಾಲು ಸಡಿಲ ಬಿಟ್ಟು, ನಾಲಿಗೆ ದಪ್ಪ ಮಾಡಿಕೊಂಡು ಶುರು ಮಾಡಿದ. "ಸಾಹೇಬ್ರೇ! ನನ್ನನ್ನ ಹೆಗ್ಗಣದ ಥರ ಬಿಲದಲ್ಲಿಟ್ಟಿದೀರಿ. ನಿಮಗೆ ಕರುಳು ಅನ್ನೋದು ಇದೆಯಾ? ಇದ್ರೆ ಅದೂ ಛತ್ರಿ ಕಡ್ಡಿದೇ ಇರಬೇಕು!"

ನಗು ನಿಂತಿತು.

"ಅಲ್ರೀ," ಮ್ಯಾನೇಜರು ಮೆಲ್ಲಗೆ ಕೇಳಿದರು, "ಅವರು ಕುಡಿದಿದೀವಿ ಅಂತ ನಂಬಿದ್ರು, ಪಾಪ. ಆದ್ರೆ ನೀವು? ಒಂದು ತೊಟ್ಟೂ ಇಲ್ಲ ಅಂತ ಈಗ ತಾನೆ ಮಕ್ಕಳಾಣೆ ಹಾಕಿದ್ರಲ್ರೀ!"

ಗುಮಾಸ್ತನ ಮೊಣಕಾಲು ಈಗ ನಿಜವಾಗಿಯೇ ಕುಸಿಯಿತು. ಇಷ್ಟೊತ್ತು ತೂಗಾಡುತ್ತಿದ್ದ ಕ್ಯಾಷಿಯರ್ ಕಂಬದ ಹಾಗೆ ನೆಟ್ಟಗೆ ನಿಂತು, ಅಂಗಿಯ ಗುಂಡಿ ಹಾಕಿಕೊಂಡು ತಲೆಯಲ್ಲಾಡಿಸಿದ.

"ಛೆ ಛೆ! ಪೂರ್ತಿ ಎಚ್ಚರ ಇದ್ಕೊಂಡು ದೊಡ್ಡವರಿಗೆ ಹೀಗಾ ಮಾತಾಡೋದು?"