ತಲೆಯ ಮೇಲೊಂದು ಗಾಳಿಕಿಂಡಿ

ಹಡಗು ಮುಳುಗಿದರೂ ಸರಿ, ನನ್ನ ಕುತ್ತಿಗೆಗೆ ಗಾಳಿ ತಾಗಬಾರದು! ಹೀಗೆಂದು ಶಪಥ ಮಾಡಿಯೇ ನಾನು, ಚಾಚಾಕ್ ಪಟ್ಟಣದ ನಿವೃತ್ತ ರಸ್ತೆ ಇನ್‌ಸ್ಪೆಕ್ಟರ್ ರಾತೊಮಿರ್, ಮೆಡಿಟರೇನಿಯನ್ ಸುತ್ತಿಸುವ ಆ ಬಿಳಿ ಅರಮನೆಯಂಥ ಹಡಗು ಹತ್ತಿದ್ದು.

ಶಪಥಕ್ಕೆ ಕಾರಣವಿತ್ತು. ನಮ್ಮ ಮದುವೆಯ ದಿನ ನನ್ನ ಬೆನ್ನ ಹಿಂದಿನ ಕಿಟಕಿಯನ್ನು ಯಾರೋ ತೆರೆದುಬಿಟ್ಟರು. ಮುಂದೆ ಬಾಗಿಲು, ಹಿಂದೆ ಕಿಟಕಿ, ನಡುವೆ ನಾನು! ಇಂಥ ಸೀಳುಗಾಳಿಗೆ ನಮ್ಮ ಸರ್ಬಿಯಾದಲ್ಲಿ ಪ್ರೊಮಾಯಾ ಎನ್ನುತ್ತೇವೆ. ಯುದ್ಧ ಕಂಡು ಬಂದ ಗಂಡಸರೂ ಇದರ ಹೆಸರು ಕೇಳಿದರೆ ಎದ್ದು ಹೋಗಿ ಬಾಗಿಲು ಹಾಕುತ್ತಾರೆ. ನನ್ನ ಕುತ್ತಿಗೆ ಅಲ್ಲೇ ಹಿಡಿದುಕೊಂಡಿತು. ನನ್ನ ಹೆಂಡತಿ ಮಿಲುಂಕಾ ಮದುಮಗಳ ಮೊದಲ ನೃತ್ಯ ಮಾಡಿದ್ದು ನನ್ನ ಜೊತೆಗಲ್ಲ, ಮದುವೆಗೆ ಸಾಕ್ಷಿ ನಿಂತ ನನ್ನ ಜೀವದ ಗೆಳೆಯ ಜಿವೊರಾಡ್ ಜೊತೆಗೆ! ಆ ಕಿಟಕಿಯ ಪಕ್ಕದಲ್ಲಿ ನಿಂತಿದ್ದವನೂ ಅವನೇ. ಅಂದಿನಿಂದ ಅವನ ಜೊತೆ ನನ್ನ ಮಾತು ಮಳೆ, ಬಿಸಿಲು ದಾಟಿ ಮುಂದೆ ಹೋಗಿಲ್ಲ.

ತಪ್ಪಿಹೋದ ಆ ನೃತ್ಯವನ್ನು ಯಾನದ ಕೊನೆಯ ಸಂಜೆ, ಕ್ಯಾಪ್ಟನ್ನರ ಔತಣದಲ್ಲಿ ಮಾಡಿಯೇ ತೀರುತ್ತೇನೆಂದು ಮಿಲುಂಕಾಗೆ ಮಾತು ಕೊಟ್ಟಿದ್ದೆ. ಚಳಿಗಾಲವಿಡೀ ಅಡುಗೆಮನೆಯಲ್ಲಿ ಕುರ್ಚಿಯನ್ನು ತಬ್ಬಿಕೊಂಡು ವಾಲ್ಟ್ಸ್ ಅಭ್ಯಾಸ ಮಾಡಿದ್ದೆ. ಅವಳು ನೀಲಿ ಗೌನು ಹೊಲಿಸಿಕೊಂಡಿದ್ದಳು.

ಕೋಣೆಯಲ್ಲಿ ಹಿತ್ತಾಳೆಯ ದೀಪ, ರೇಷ್ಮೆಯ ಪರದೆ, ಹೂದಾನಿ. ನಾನು ಅದ್ಯಾವುದನ್ನೂ ನೋಡಲಿಲ್ಲ. ನೇರ ಚಾವಣಿ ನೋಡಿದೆ. ನನ್ನ ದಿಂಬಿನ ನೆತ್ತಿಗೆ ಸರಿಯಾಗಿ ಒಂದು ಗಾಳಿಕಿಂಡಿ!

"ನೋಡಿದ್ಯಾ? ಸರಿಯಾಗಿ ನನ್ನ ಕುತ್ತಿಗೆಗೇ ಗುರಿ ಇಟ್ಟಿದಾರೆ!"

"ಹೌದು ಮಾರಾಯಾ, ನೀನು ಬರ್ತೀಯಾ ಅಂತ ಗೊತ್ತಾಗಿ ಹಡಗನ್ನೇ ಹಾಗೆ ಕಟ್ಟಿಸಿದಾರೆ," ಎಂದಳು ಮಿಲುಂಕಾ.

ಅತ್ತೆ ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲಗಳನ್ನು ಕಿಂಡಿಗೆ ತುರುಕಿದೆ. ಪ್ಲಮ್ ಹಣ್ಣಿನ ಸಾರಾಯಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕುತ್ತಿಗೆಗೆ ತಿಕ್ಕಿ, ಮೇಲೆ ಮಫ್ಲರ್ ಸುತ್ತಿ, ಕೋಟೆ ಗೆದ್ದ ದೊರೆಯ ಹಾಗೆ ಮಲಗಿದೆ. ಮರುದಿನ ಕೊರ್ಫೂ ದ್ವೀಪ ಸುತ್ತಿ ಬಂದು ನೋಡಿದರೆ ಕಾಲುಚೀಲಗಳು ಮಡಚಿಕೊಂಡು ದಿಂಬಿನ ಮೇಲೆ! ಕಿಂಡಿ ಬುಸುಗುಟ್ಟುತ್ತಿದೆ!

ಇನ್ಯಾರು? ಕೋಣೆ ಸ್ವಚ್ಛ ಮಾಡುವ ವೀದೊ! ಕಡಲತೀರದ ಕೋಟೊರ್ ಊರಿನ ಕಡೆಯವನು, ನಮ್ಮದೇ ಭಾಷೆ. ನಮ್ಮ ಕಡೆಯವನಾಗಿಯೂ ಇಷ್ಟೊಂದು ನಗುತ್ತಾನೆಂದರೆ ಏನೋ ಇದೆ. ಹಿಡಿದು ವಿಚಾರಿಸಿದೆ.

"ವೀದೊ, ಗಾಳಿಗೆ ಬೆನ್ನು ಕೊಟ್ಟು ಕೂರಬಾರ್ದು ಅಂತ ನಿಮ್ಮಮ್ಮ ಹೇಳಿಕೊಟ್ಟಿದಾರೋ ಇಲ್ವೋ?"

"ಅಯ್ಯೋ ಮಾವಾ, ಒದ್ದೆ ತಲೇಲಿ ಹೊಸ್ತಿಲು ದಾಟೋಕೇ ಬಿಡ್ತಿರ್ಲಿಲ್ಲ!"

ಕಳ್ಳ! ಎಲ್ಲ ಗೊತ್ತಿದ್ದೂ ಮಾಡುತ್ತಿದ್ದಾನೆ!

ಮಾಲ್ಟಾದಲ್ಲಿ ಟವೆಲ್ ತುರುಕಿದೆ. ಟವೆಲ್ ಇಳಿಯಿತು. ನೇಪಲ್ಸ್‌ನಲ್ಲಿ ನನ್ನ ಉಣ್ಣೆಯ ಒಳಚಡ್ಡಿಯನ್ನೇ ಬಲಿ ಕೊಟ್ಟೆ. ಅದೂ ಮಡಚಿಕೊಂಡು ದಿಂಬಿಗೆ ಬಂತು! ನನಗೆ ಊಟ ರುಚಿಸಲಿಲ್ಲ. ಎಲ್ಲರೂ ಹುರಿದ ಸಿಗಡಿ ಬಾರಿಸುತ್ತಿದ್ದರೆ ನಾನು ಯೋಚಿಸುತ್ತಿದ್ದೆ: ಜಿವೊರಾಡ್‌ನ ತಮ್ಮನ ಹೆಂಡತಿಯ ತವರು ಯಾವುದು? ಕೋಟೊರ್!

"ಮಿಲುಂಕಾ, ಕೊಂಡಿ ಸಿಕ್ತು!"

"ಸಿಗಡಿ ಆರಿಹೋಗತ್ತೆ, ತಿನ್ನು," ಎಂದಳು.

ಕೊನೆಯ ದಿನ ಬಂತು. ಸಂಜೆ ನೃತ್ಯ. ಮಿಲುಂಕಾ ಕೂದಲು ಸಿಂಗರಿಸಿಕೊಳ್ಳಲು ಹೋದದ್ದೇ ತಡ, ಕಿಂಡಿಗೆ ಮತ್ತೆ ಕಾಲುಚೀಲ ತುರುಕಿ ನಾನು ಬಟ್ಟೆಯ ಕಪಾಟಿನೊಳಗೆ ಅಡಗಿ ನಿಂತೆ. ಆ ಕಪಾಟನ್ನು ಕೋಟುಗಳಿಗೆ ಮಾಡಿದ್ದರೇ ಹೊರತು ರಸ್ತೆ ಇನ್‌ಸ್ಪೆಕ್ಟರುಗಳಿಗಲ್ಲ. ತಲೆಯನ್ನು ಭುಜಕ್ಕೆ ಒತ್ತಿಕೊಂಡು ಸಂದಿಯಲ್ಲಿ ಒಂದು ಕಣ್ಣಿಟ್ಟೆ.

ವೀದೊ ಬಂದ. ಹಾಸಿಗೆ ಸರಿಮಾಡಿದ. ಮೇಲೆ ನೋಡಿದ. ಸಿಕ್ಕಿಬಿದ್ದೆಯಾ! ಅವನು ಕುರ್ಚಿ ಹತ್ತಿ, ಜೋಲುತ್ತಿದ್ದ ಕಾಲುಚೀಲವನ್ನು ಒಳಕ್ಕೆ ಇನ್ನಷ್ಟು ಗಟ್ಟಿಯಾಗಿ ತುರುಕಿದ! "ಪಾಪ, ಮಾವಂಗೆ ಗಾಳಿ ಹೊಡೆದುಬಿಟ್ರೆ ಕಷ್ಟ," ಎಂದು ಗೊಣಗಿ ಹೊರಟೇಹೋದ.

ನಾನು ಬಾಯಿ ಬಿಟ್ಟುಕೊಂಡು ನಿಂತಿರುವಾಗ ಬಾಗಿಲು ಮತ್ತೆ ತೆರೆಯಿತು. ಸಿಂಗರಿಸಿದ ಕೂದಲಿನ ಮಿಲುಂಕಾ! ಹಾಡು ಗುನುಗುತ್ತ ಕುರ್ಚಿ ಹತ್ತಿದಳು, ಕಾಲುಚೀಲ ಕಿತ್ತಳು, ಕಿಂಡಿಗೆ ಮುಖವೊಡ್ಡಿ "ಅಬ್ಬಬ್ಬಾ!" ಎಂದಳು.

"ನೀನಾ?!" ಹ್ಯಾಂಗರುಗಳ ಸಮೇತ ನಾನು ಹೊರಕ್ಕೆ ಉರುಳಿದೆ.

"ನಾನೇ! ಬೆಳ್ಳುಳ್ಳಿ, ಸಾರಾಯಿ, ಉಣ್ಣೆ... ಈ ಡಬ್ಬೀಲಿ ಮನುಷ್ಯರು ಉಸಿರಾಡೋದು ಬೇಡ್ವಾ? ಮೊದಲು ತಲೆ ನೆಟ್ಟಗೆ ಮಾಡ್ಕೊಂಡು ಮಾತಾಡು!"

ಮಾಡಲು ಹೋದೆ. ಆಗಲಿಲ್ಲ. ಕುತ್ತಿಗೆ ಹಿಡಿದುಕೊಂಡಿತ್ತು!

ಮಿಲುಂಕಾ ಬೈಯಲಿಲ್ಲ. ಸುಮ್ಮನೆ ಮಂಚದ ಮೇಲೆ ಕೂತು ನೀಲಿ ಗೌನನ್ನು ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು. ನನಗೆ ಅಳುವೇ ಬಂದುಬಿಟ್ಟಿತು.

"ಏಳು," ಎಂದೆ. "ಸೊಟ್ಟಗಿದ್ರೂ ಸರಿ, ಕುಣಿಯೋನು ನಾನೇ."

ಕ್ಯಾಪ್ಟನ್ನರ ಔತಣದಲ್ಲಿ ಕುಣಿದೆವು! ತಲೆ ಎಡ ಭುಜದ ಮೇಲೆ, ಕಾಲು ಅಂದಾಜಿನ ಮೇಲೆ. ಮಿಲುಂಕಾಳ ಮುಖ ನನಗೆ ಕಾಣುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಕಾಣುತ್ತಿದ್ದದ್ದು ಡೆಕ್ಕಿನ ಕಡೆಯ ಬಾಗಿಲು. ಅದು ಹಾರು ಹೊಡೆದಿತ್ತು! ಒಂದು ಸುತ್ತು ತಿರುಗಿದರೆ ಎದುರಿನ ಬಾಗಿಲೂ ಹಾಗೇ!

"ಮಿಲುಂಕಾ! ಪ್ರೊಮಾಯಾ!"

"ಗೊತ್ತು. ತೆಗೆಸಿದ್ದು ನಾನೇ. ಸೆಕೆ."

"ನಿಂಗೆ ಯಾವಾಗ ನೋಡಿದ್ರೂ ಸೆಕೆ!"

"ಹೂಂ. ಮದುವೆ ದಿನಾನೂ ಹೀಗೇ ಸೆಕೆ. ಆ ದಪ್ಪ ಗೌನು ಬೇರೆ. ತಡೆಯಕ್ಕಾಗದೆ..."

ನನ್ನ ಕಾಲು ನಿಂತಿತು. "ಅಂದ್ರೆ ಆ ಕಿಟಕಿ...?"

"ಕುಣಿ ಮಾರಾಯಾ, ಸಂಗೀತ ಮುಗಿದುಹೋಗತ್ತೆ. ನಾಳೆ ಬಂದರಿಗೆ ಕಾರು ತರೋಕೆ ಜಿವೊರಾಡ್‌ಗೆ ಹೇಳಿದೀನಿ. ಈ ಸಲ ಅವನ ಕಡೆಯಿಂದ ಮುಖ ತಿರುಗಿಸೋಕೂ ಆಗಲ್ಲ ನಿಂಗೆ!"

ಮರುದಿನ ಜಿವೊರಾಡ್ ನನ್ನನ್ನು ಮುಂದಿನ ಸೀಟಿನಲ್ಲೇ ಕೂರಿಸಿಕೊಂಡ. ಕಾರಿನ ನಾಲ್ಕೂ ಕಿಟಕಿ ತೆರೆದು ಚಾಚಾಕ್‌ವರೆಗೂ ಓಡಿಸಿದ. ನಾನು ತುಟಿ ಪಿಟಕ್ಕೆನ್ನಲಿಲ್ಲ!