ನಮ್ಮತ್ತೆ ಗಂಗವ್ವ ಬಾಸ್ಕೆಟ್‌ಬಾಲ್ ಆಡಿದ್ದು

ಬಬಲೇಶ್ವರದಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ತೊಟ್ಟಿಲಿಗೆ ಹಾಕುವ ದಿನ ನನಗೆ ಕರೆ ಬರುತ್ತದೆ. ಹಾಡು ಹೇಳಲಿಕ್ಕಲ್ಲ, ನನ್ನ ದನಿ ಕೇಳಿದರೆ ಮಲಗಿದ ಕೂಸು ಎದ್ದು ಕೂಡುತ್ತದೆ. ಕೂಸು ಯಾರ ಹಾಗಿದೆ ಎಂದು ತೀರ್ಪು ಕೊಡಲಿಕ್ಕೆ. ಮೂಗು ಸೋದರಮಾವನದು, ಗದ್ದ ಮುತ್ತಜ್ಜಿಯದು, ಅಳುವ ರಾಗ ಮಾತ್ರ ದೊಡ್ಡಪ್ಪನದು ಎಂದು ನಾನು ಹೇಳಿಬಿಟ್ಟರೆ ಮುಗಿಯಿತು. ಅದರ ಮೇಲೆ ಅಪೀಲು ಇಲ್ಲ. ನಾನು ಓದಿದ್ದು ಮೂರನೇ ಇಯತ್ತೆ. ಆದರೆ ಈ ವಿದ್ಯೆಗೆ ಸಾಲಿ ಬೇಕಿಲ್ಲ, ಕಣ್ಣು ಸಾಕು.

ನನಗಿರುವುದು ಒಂದೇ ಕೊರಗು. ಐದು ಮಂದಿ ಮೊಮ್ಮಕ್ಕಳಲ್ಲಿ ಒಬ್ಬರೂ ನನ್ನ ಹಾಗಿಲ್ಲ. ಕಿವಿಯೂ ನನ್ನದಲ್ಲ, ಕಿರುಬೆರಳೂ ನನ್ನದಲ್ಲ. ಎಲ್ಲ ನಮ್ಮ ಯಜಮಾನರ ಮನೆತನದ ಪಾಲು. ಹಿರಿಯ ಮೊಮ್ಮಗಳು ಪಲ್ಲವಿಯಂತೂ ಆರು ಅಡಿಗೆ ಎರಡು ಬೆರಳು ಕಡಿಮೆ. ಅವಳ ತಲೆಗೆ ಎಣ್ಣೆ ಹಚ್ಚಬೇಕಾದರೆ ನಾನು ಕಟ್ಟೆ ಹತ್ತಬೇಕು.

ಈ ಪಲ್ಲವಿ ವಿಜಯಪುರದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಾಳೆ, ಬಾಸ್ಕೆಟ್‌ಬಾಲ್ ಆಡುತ್ತಾಳೆ. ರಜೆಗೆ ಬಂದವಳು ಒಂದು ಸುದ್ದಿ ತಂದಳು. ಹೆಣ್ಣುಮಕ್ಕಳ ಹೊಸ ಲೀಗ್ ಶುರುವಾಗುತ್ತದಂತೆ. ತಂಡದವರೆಲ್ಲ ಸಾಲಾಗಿ ಕೂತು, ಪಾಳಿ ಪ್ರಕಾರ ಒಬ್ಬೊಬ್ಬ ಹುಡುಗಿಯನ್ನು ಆರಿಸಿಕೊಳ್ಳುತ್ತಾರಂತೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು.

"ಯಾರನ್ನ ತಗೋಬೇಕಂತ ಅವರಿಗೆ ಹೆಂಗ ತಿಳಿತೈತಿ?" ಎಂದೆ.

"ಆಟ ನೋಡ್ತಾರ, ಆಯಿ. ಮತ್ತ ಹಳೇ ಆಟಗಾರರ ಜೋಡಿ ಹೋಲಿಸ್ತಾರ. ಈಕಿ ಹಿಂದಿನ ಇಂಥಾಕಿ ಹಂಗ ಆಡ್ತಾಳ ಅಂತ."

ಅಷ್ಟು ಹೇಳಿ ಮೊಬೈಲಿನಲ್ಲಿ ಪರದೇಶದ ಡ್ರಾಫ್ಟ್ ತೋರಿಸಿದಳು. ಒಂದು ಕಡೆ ತಾಳೆಮರದಂಥ ಹುಡುಗ, ಇನ್ನೊಂದು ಕಡೆ ನಿವೃತ್ತಿಯಾದ ಒಬ್ಬ ಆಟಗಾರ. ನಡುವೆ ಕೋಟು ಹಾಕಿದ ಇಬ್ಬರು, ಇವನು ಅವನ ಹಾಗೆ ಹೌದೋ ಅಲ್ಲವೋ ಎಂದು ಜಗಳಾಡುತ್ತಿದ್ದರು. ನಾನು ಒಂದು ಗಳಿಗೆ ನೋಡಿದೆ.

"ಈ ಹುಡುಗ ಆ ಮನಷ್ಯಾನ ಹಂಗ ಎಲ್ಲಿ ಅದಾನ? ಥೇಟ್ ನಮ್ಮ ತಿಕೋಟಾದ ಬೀಗರ ಹಂಗ ಅದಾನ. ಕೈಯಾಗ ಬಂದದ್ದು ಮತ್ತೊಬ್ಬರಿಗೆ ಕೊಡೂದ ಇಲ್ಲ ನೋಡು."

ಪಲ್ಲವಿ ಬಿದ್ದು ಬಿದ್ದು ನಕ್ಕಳು. "ಖರೇ ಆಯಿ, ಇವನ ಮ್ಯಾಲ ಅದ ಕಂಪ್ಲೇಂಟ್ ಐತಿ."

ಅವಳು ಆ ಮಾತು ಆಡಬಾರದಿತ್ತು. ತೊಟ್ಟಿಲ ಮನೆಯಲ್ಲಿ ಹಂಚುವ ಒಂದು ಹಿಡಿ ಗುಗ್ಗರಿಗೆ ನಾನು ಮಾಡುವ ಕೆಲಸವನ್ನು ಪರದೇಶದಲ್ಲಿ ಕೋಟು ಹಾಕಿಕೊಂಡು ಮಾಡುತ್ತಾರೆ ಎಂದು ಅಂದೇ ನನಗೆ ಗೊತ್ತಾಯಿತು.

ವಿಜಯಪುರದಲ್ಲಿ ಆಯ್ಕೆಯ ಆಟ ಇದ್ದ ದಿನ ಯಜಮಾನರು ಮತ್ತು ನಾನು ಬೆಳಗಿನ ಬಸ್ಸಿಗೇ ಹೊರಟೆವು. ಅವರು ನಿವೃತ್ತ ಕಂಡಕ್ಟರು. ಬಸ್ಸಿನಲ್ಲಿ ಈಗಲೂ ಕೂಡುವುದಿಲ್ಲ, ಬಾಗಿಲ ಹತ್ತಿರ ನಿಲ್ಲುತ್ತಾರೆ.

ಮೈದಾನದಲ್ಲಿ ನಮ್ಮನ್ನು ಕಂಡ ಪಲ್ಲವಿಯ ಮುಖ ಸಣ್ಣದಾಯಿತು. "ಆಯಿ, ಬಂದದ್ದು ಬಂದ್ರಿ. ಸುಮ್ಮ ಕುಂದ್ರಬೇಕ ನೋಡು."

"ನಾ ಯಾವಾಗರ ಮಾತಾಡೇನೇನ?"

ಯಜಮಾನರು ಆಕಾಶ ನೋಡಿದರು.

ಬೇವಿನ ಮರದ ಕೆಳಗೆ ಒಂದು ಟೇಬಲ್. ಅಲ್ಲಿ ಆಯ್ಕೆ ಮಾಡುವ ಇಬ್ಬರು ತರುಣರು ಮತ್ತು ನೆರೆತ ಕೂದಲಿನ ಒಬ್ಬರು ಮೇಡಂ. ಈ ಮೇಡಂ ತಮ್ಮ ಕಾಲದಲ್ಲಿ ಹೆಸರು ಮಾಡಿದ ಆಟಗಾರ್ತಿಯಂತೆ, ಈಗ ಲೀಗಿನ ಒಂದು ತಂಡ ಅವರ ಕೈಯಲ್ಲಿದೆಯಂತೆ. ಪಲ್ಲವಿ ನನ್ನ ಕೈಗೆ ಒಂದು ಫಾರಂ ಕೊಟ್ಟಳು. "ಇದನ್ನ ನಮ್ಮ ಕೋಚ್ ಸರ್‌ಗೆ ಕೊಡು. ಒಂದು ಕಲಂ ಅವರು ತುಂಬಬೇಕು" ಎಂದು ಹೇಳಿ ಓಡಿದಳು.

ಖಾಲಿ ಇದ್ದ ಕಲಮನ್ನು ಅಕ್ಷರ ಕೂಡಿಸಿ ಓದಿದೆ. 'ಹಿಂದಿನ ಯಾವ ಆಟಗಾರ್ತಿಯನ್ನು ಹೋಲುತ್ತಾಳೆ? ಕಾರಣ ಬರೆಯಿರಿ.'

ಕೋಚ್ ಸಾಹೇಬರು ಬಿಸಿಲಲ್ಲಿ ಸೀಟಿ ಊದುತ್ತಾ ಓಡಾಡುತ್ತಿದ್ದರು. ಪಾಪ, ಅವರಿಗೇಕೆ ತ್ರಾಸ?

"ರೀ, ಪೆನ್ನು ಕೊಡ್ರಿ."

"ಸರ್ ತುಂಬಬೇಕಂತ ಹೇಳ್ಯಾಳಲ್ಲ?"

"ಅವರು ಆಕಿನ್ನ ನೋಡಿದ್ದು ಎರಡು ವರ್ಷ. ನಾ ತೊಟ್ಟಿಲದಾಗಿಂದ ನೋಡೇನಿ."

ಯಜಮಾನರು ಪೆನ್ನು ಕೊಟ್ಟರು. ನಾನು ದಪ್ಪ ಅಕ್ಷರದಲ್ಲಿ ಬರೆದೆ: 'ಕನಮಡಿ ಗಂಗವ್ವ.' ಕಾರಣ: 'ಎಡಗಾಲು ಮುಂದಿಟ್ಟು, ಎರಡೂ ಕೈ ಸೊಂಟಕ್ಕೆ ತಂದು, ಕೆಳಗಿನಿಂದ ಮೇಲಕ್ಕೆ ಎಸೆತ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಗುರಿ ತಪ್ಪಿಲ್ಲ.'

ಗಂಗವ್ವ ಎಂದರೆ ನಮ್ಮತ್ತೆ, ಯಜಮಾನರ ತಾಯಿ. ಕನಮಡಿಯಿಂದ ಬಂದವಳು, ಪಲ್ಲವಿಯಷ್ಟೇ ಎತ್ತರ. ಜೋಳದ ಕಣಿಕೆಯ ಬಣವೆ ಒಟ್ಟುವಾಗ ಅವಳು ನೆಲದ ಮೇಲೆ ನಿಂತು ಸೂಡು, ಅಂದರೆ ಕಣಿಕೆಯ ಕಟ್ಟು, ಎಸೆದರೆ ಎರಡಾಳು ಎತ್ತರದ ಬಣವೆಯ ನೆತ್ತಿಗೆ ಹೋಗಿ ಬೀಳುತ್ತಿತ್ತು. ಪಲ್ಲವಿ ದೂರದಿಂದ ಚೆಂಡು ಎಸೆಯುವುದೂ ಥೇಟ್ ಹಾಗೆಯೇ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಗಂಗವ್ವ ಬಾಸ್ಕೆಟ್‌ಬಾಲನ್ನು ಕಣ್ಣಿಂದಲೂ ನೋಡದೆ ತೀರಿಕೊಂಡಳು ಎಂಬುದನ್ನು ಮಾತ್ರ ಬರೆಯಲಿಲ್ಲ. ಅದಕ್ಕೆ ಕಲಂ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಹುಡುಗಿಯ ತಾಯಿ ಇಣುಕಿ ನೋಡಿದಳು. "ಯಾರ ಹಂಗ ಅನ್ನೂದು ನಿಮಗ ತಿಳೀತೈತೇನ್ರಿ? ನಮ್ಮಾಕಿದೂ ಒಂಚೂರು ನೋಡ್ರಿ. ಅಕಾ ಅಲ್ಲಿ, ಕೆಂಪು ಅಂಗಿಯಾಕಿ."

ನೋಡಿದೆ. ಕೆಂಪು ಅಂಗಿಯ ಹುಡುಗಿ ಎರಡೂ ಕೈ ಚಾಚಿ ನಿಂತರೆ ಯಾರಿಗೂ ದಾಟಲು ಆಗುತ್ತಿರಲಿಲ್ಲ. 'ಬಬಲೇಶ್ವರ ಕಸ್ತೂರಿ' ಎಂದು ಬರೆದುಕೊಟ್ಟೆ. ಕಸ್ತೂರಿ ನಮ್ಮ ಓಣಿಯವಳು. ನಳದ ಪಾಳಿಯಲ್ಲಿ ಅವಳನ್ನು ದಾಟಿ ಕೊಡ ಇಟ್ಟವರು ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ಉಳಿದ ತಾಯಂದಿರೂ ನನ್ನ ಮುಂದೆ ಪಾಳಿ ಹಚ್ಚಿದರು. ಏಳು ಫಾರಂ ತುಂಬಿದೆ.

ಯಜಮಾನರು ಕಿವಿಯ ಹತ್ತಿರ ಬಂದು, "ನೀ ಯಾರ ಕಡಿಯಾಕಿ? ಇವರೆಲ್ಲ ಪಲ್ಲವಿ ಎದುರಿನವರ ಹೌದಿಲ್ಲೋ?" ಎಂದರು.

ಆ ಮಾತು ನನಗೆ ಹೊಳೆದೇ ಇರಲಿಲ್ಲ. ಆದರೆ ತೊಟ್ಟಿಲ ಮುಂದೆ ನಿಂತವಳು ನಮ್ಮ ಕೂಸು, ಅವರ ಕೂಸು ಎಂದು ನೋಡಲಿಕ್ಕಾಗುತ್ತದೆಯೇ?

ಫಾರಂಗಳನ್ನು ನಾನೇ ಒಯ್ದು ಟೇಬಲ್ ಮೇಲಿಟ್ಟೆ. ಇಬ್ಬರು ತರುಣರು ಓದಿದರು.

"ಕನಮಡಿ ಗಂಗವ್ವ. ಹೆಸರು ಕೇಳಿದಂಗ ಐತಲ್ಲ?" ಎಂದ ಒಬ್ಬ.

"ಗೊತ್ತಿಲ್ಲೇನ್ ನಿನಗ? ಹಳೇ ಮಂದಿ. ನಮ್ಮ ಸರ್ ಭಾಳ ಹೇಳ್ತಿದ್ರು" ಎಂದ ಇನ್ನೊಬ್ಬ. "ಮತ್ತ ಈ ಕಸ್ತೂರಿ ಅಂದ್ರ, ಡಿಫೆನ್ಸ್ ಅಂದ್ರ ಡಿಫೆನ್ಸ್."

ನಮ್ಮತ್ತೆಯ ಕೀರ್ತಿ ಇಷ್ಟು ದೂರ ಹಬ್ಬಿದೆ ಎಂದು ನನ್ನ ಎದೆ ಉಬ್ಬಿತು. ನಾನೇ ಅರ್ಧ ನಂಬಿದ್ದೆ.

ಅಷ್ಟರಲ್ಲಿ ಮೈಕಿನಲ್ಲಿ ಕೂಗಿದರು. "ಮುಂದಿನ ಆಟಗಾರ್ತಿ ಪಲ್ಲವಿ. ಇವರದು ಹೆಸರಾಂತ ಕನಮಡಿ ಗಂಗವ್ವನವರ ಶೈಲಿ."

ಮೈದಾನದ ನಡುವೆ ನಿಂತಿದ್ದ ಪಲ್ಲವಿಯ ಕೈಯಿಂದ ಚೆಂಡು ಜಾರಿ ಬಿತ್ತು. ಮೊದಲ ಎಸೆತ ಕಂಬಕ್ಕೆ ಬಡಿಯಿತು. ಎರಡನೆಯದು ಕಂಬವನ್ನೂ ಮುಟ್ಟಲಿಲ್ಲ. ಚೆಂಡು ತಿರುಗಿ ಅವಳ ಕಡೆಗೆ ಬಂದರೆ ಹಿಡಿಯಲಿಕ್ಕೂ ಆಗಲಿಲ್ಲ. ಅವಳ ಕಣ್ಣುಗಳು ನನ್ನನ್ನು ಹುಡುಕುತ್ತಿದ್ದವು. ನಾನು ಯಜಮಾನರ ಬೆನ್ನ ಹಿಂದೆ ನಿಂತೆ. ನನ್ನ ಎತ್ತರ ಹುಟ್ಟಿದಾಗಿನಿಂದ ಉಪಯೋಗಕ್ಕೆ ಬಂದದ್ದು ಅಂದೇ.

ಮೇಡಂ ಕನ್ನಡಕ ತೆಗೆದರು. "ನಲವತ್ತು ವರ್ಷದಿಂದ ಈ ಆಟದಾಗ ಅದೇನಿ. ಈ ಗಂಗವ್ವ ಯಾರು?"

ತರುಣರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಚ್ ಸಾಹೇಬರು ಓಡಿಬಂದು ಫಾರಂ ಓದಿ ತಲೆ ಹಿಡಿದುಕೊಂಡರು. "ಮೇಡಂ, ಕೆಳಗಿಂದ ಎಸಿಯೂದು ಈಕಿ ಕೆಟ್ಟ ಚಾಳಿ. ಎರಡು ವರ್ಷದಿಂದ ಬಿಡಸಾಕತ್ತೇನಿ. ಯಾರೋ ಅದನ್ನ ಹೊಗಳಿ ಬರದಾರ."

ಪಲ್ಲವಿ ಬೆಳಿಗ್ಗೆ ಐದಕ್ಕೆ ಎದ್ದು ಎರಡು ವರ್ಷ ಓಡಿದ್ದು ಈ ಒಂದು ದಿನಕ್ಕೆ. ಅದಕ್ಕೆ ನಾನು ಐದು ನಿಮಿಷದಲ್ಲಿ ಮಣ್ಣು ಹಾಕಿದ್ದೆ. ಯಜಮಾನರ ಬೆನ್ನ ಹಿಂದಿನಿಂದ ಹೊರಗೆ ಬಂದೆ.

"ಬರದಾಕಿ ನಾನ್ರಿ. ಸಿಟ್ಟು ನನ್ನ ಮ್ಯಾಲಿರಲಿ, ಕೂಸಿನ ಮ್ಯಾಲ ಬ್ಯಾಡ್ರಿ." ಹಾಗೆಂದು ಅತ್ತೆ, ಕಣಿಕೆ, ಬಣವೆ ಎಲ್ಲ ಒದರಿಬಿಟ್ಟೆ.

ಮೇಡಂ ನಗಲಿಲ್ಲ. "ಬಣವಿ ಎಷ್ಟು ಎತ್ತರ ಇರ್ತಿತ್ತು?" ಎಂದರು.

"ಎರಡಾಳು ಎತ್ತರ್ರಿ."

"ಮ್ಯಾಲ ನಿಂತು ಹಿಡೀತಿದ್ದವರು ಯಾರು?"

ಇಲ್ಲಿಗೆ ಬಾಯಿ ಮುಚ್ಚಿದ್ದರೆ ಬದುಕುತ್ತಿದ್ದೆ. "ನಾನ್ರಿ" ಎಂದೆ, ಸೆರಗು ಸರಿಮಾಡಿಕೊಂಡು.

"ಹಂಗಾರ ಹಿಡೀರಿ" ಎಂದು ಮೇಡಂ ಮೆಲ್ಲಗೆ ಚೆಂಡು ತೂರಿದರು. ಅದು ನನ್ನ ಎರಡೂ ಕೈಗಳ ನಡುವೆ ಆರಾಮಾಗಿ ದಾಟಿಬಂದು ಹಣೆಗೆ ಬಡಿಯಿತು. ನನ್ನ ಚಷ್ಮಾ ಹಾರಿ ಅವರ ಚಹಾದ ಕಪ್ಪಿನಲ್ಲಿ ಬಿತ್ತು.

ಆಗ ಯಜಮಾನರು ಬಾಯಿಬಿಟ್ಟರು. "ಸೂಡೂ ಹಿಂಗ ಬೀಳ್ತಿದ್ದವ್ರಿ ಮೇಡಂ. ನಮ್ಮವ್ವ ದಿನಾ ಈಕಿನ್ನ ಬೈತಿದ್ದಳು."

ಇಷ್ಟು ವರ್ಷ ಮನೆಯೊಳಗಿದ್ದ ಗುಟ್ಟು ಅದು.

ಮೊದಲು ನಕ್ಕವಳು ಪಲ್ಲವಿ. ನಕ್ಕು ನಕ್ಕು ನೆಲಕ್ಕೆ ಕೂತಳು. ಮೇಡಂ ಚಹಾದಿಂದ ನನ್ನ ಚಷ್ಮಾ ತೆಗೆಯುತ್ತಾ, "ಅಂಜಿಕಿ ಹೋತಿಲ್ಲೋ? ಇನ್ನೊಮ್ಮೆ ಆಡು. ಗಂಗವ್ವನ ಹಂಗ ಬ್ಯಾಡ, ನಿಮ್ಮ ಸರ್ ಹೇಳಿದಂಗ" ಎಂದರು. ಹತ್ತು ಎಸೆತದಲ್ಲಿ ಏಳು ಬುಟ್ಟಿಗೆ ಬಿದ್ದವು. ಕೊನೆಗೆ ಹೋಗುವಾಗ ಹುಡುಗಿ ಸುಮ್ಮನೆ ಹೋಗಲಿಲ್ಲ. ಅರ್ಧ ಮೈದಾನದಿಂದ, ಎಡಗಾಲು ಮುಂದಿಟ್ಟು, ಕೆಳಗಿನಿಂದ ಒಂದು ಸೂಡು ಎಸೆದಳು. ಬಲೆ ಸುಂಯ್ ಎಂದಿತು. ಕೋಚ್ ಸಾಹೇಬರು ಕಣ್ಣು ಮುಚ್ಚಿಕೊಂಡರು. ಮೇಡಂ ಏನೋ ಬರೆದುಕೊಂಡರು.

ಡ್ರಾಫ್ಟಿನ ದಿನ ನಾವೆಲ್ಲ ಮೊಬೈಲಿನ ಸುತ್ತ ಕೂತೆವು. ಮೊದಲ ಹೆಸರು ಕೆಂಪು ಅಂಗಿಯ ಹುಡುಗಿಯದು, ಅಂದರೆ ನಾನು ಕಸ್ತೂರಿಯ ಹಾಗೆ ಎಂದು ಬರೆದವಳದು. ಆಮೇಲೆ ನಾನು ಫಾರಂ ತುಂಬಿಕೊಟ್ಟವರೇ ಇನ್ನೂ ನಾಲ್ಕು ಮಂದಿ.

"ನಿನ್ನ ಕೈಗುಣ ಚಲೋ ಐತಿ ಬಿಡು" ಎಂದರು ಯಜಮಾನರು. "ನಮ್ಮಾಕಿನ್ನ ಬಿಟ್ಟು ಎಲ್ಲಾರಿಗೂ ಹತ್ತೈತಿ."

ಪಲ್ಲವಿ ಉಗುರು ಕಚ್ಚುತ್ತಿದ್ದಳು. ಇನ್ನು ಎರಡೇ ಹೆಸರು ಉಳಿದಾಗ ಮೇಡಂ ಅವರ ತಂಡದ ಪಾಳಿ ಬಂತು. "ಪಲ್ಲವಿ, ವಿಜಯಪುರ" ಎಂದರು.

ಅಂದು ಓಣಿಗೆಲ್ಲ ಪೇಢೆ ಹಂಚಿದೆ. ಮಾತು ಬಿಟ್ಟಿದ್ದ ಎರಡು ಮನೆಗೂ ಹೋಗಿ ಬಾಯಿಗೇ ಇಟ್ಟು ಬಂದೆ. ಕಸ್ತೂರಿಗೆ, ನಿನ್ನ ಹೆಸರು ಎಲ್ಲರಿಗಿಂತ ಮೊದಲು ಬಂತು ಎಂದು ಎರಡು ಹೆಚ್ಚಿಗೆ ಕೊಟ್ಟೆ. ಅವಳಿಗೆ ಇನ್ನೂ ಯಾಕೆಂದು ತಿಳಿದಿಲ್ಲ.

ವಾರದ ಮೇಲೆ ಪಲ್ಲವಿ ಆ ಫಾರಂ ತಂದಳು. ನನ್ನ ದಪ್ಪ ಅಕ್ಷರಗಳನ್ನು ಗೀಚಿಹಾಕಿ ಮೇಡಂ ತಮ್ಮ ಕೈಯಿಂದ ಬರೆದಿದ್ದರು. 'ದೂರದ ಎಸೆತ: ಕನಮಡಿ ಗಂಗವ್ವನಂತೆ. ಚೆಂಡು ಹಿಡಿಯುವುದು: ಅಜ್ಜಿಯಂತೆ. ಕೂಡಲೇ ತಿದ್ದಬೇಕು.' ಕೆಳಗೆ ಸಹಿ.

ಮೂರು ಸಲ ಓದಿಸಿ ಕೇಳಿದೆ. ಐದು ಮೊಮ್ಮಕ್ಕಳಲ್ಲಿ ಕಡೆಗೂ ಒಬ್ಬಳು ನನ್ನ ಹಾಗೆ ಎಂದಾಯಿತು, ಅದೂ ಬರವಣಿಗೆಯಲ್ಲಿ, ಸಹಿ ಸಮೇತ. ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ. ಕೊನೆಯ ಮಾತು ಮಾತ್ರ ಕಾಣದ ಹಾಗೆ ಗಾಜಿನ ಮೇಲೆ ದಪ್ಪಗೆ ಕುಂಕುಮ ಹಚ್ಚಿದ್ದೆ.

ಮೊನ್ನೆ ನೋಡುತ್ತೇನೆ, ಯಜಮಾನರು ಅದನ್ನು ಒದ್ದೆ ಬಟ್ಟೆಯಿಂದ ಚೆಂದಾಗಿ ಒರೆಸಿಟ್ಟಿದ್ದಾರೆ.