ಹದಿನೆಂಟನೆಯ ನಿಕ್ಕೆಲ್ ಪುಡಿಯವರ ಸನ್ನಿಧಿಗೆ

ಮಾನ್ಯ ನಿಕ್ಕೆಲ್ ಪುಡಿಯವರೇ,

ಏಳುನೂರೈವತ್ತು ಡಿಗ್ರಿಯ ಕುಲುಮೆಯೊಳಗೆ, ಬೆರಳುದಪ್ಪದ ನಳಿಗೆಯಲ್ಲಿ, ಅಲ್ಯುಮಿನಾ ಹಾಸಿಗೆಯ ಮೇಲೆ ತಾವು ಕ್ಷೇಮವಾಗಿದ್ದೀರೆಂದು ನಂಬಿ, ಹೊರಗೆ ಸ್ಟೂಲಿನ ಮೇಲೆ ನಾಲ್ಕು ವರ್ಷದಿಂದ ಕಾವಲು ಕೂತಿರುವ ಸಂಶೋಧನಾ ವಿದ್ಯಾರ್ಥಿನಿಯಾದ ನಾನು ಈ ಅಹವಾಲನ್ನು ಸವಿನಯವಾಗಿ ಅರ್ಪಿಸುತ್ತಿದ್ದೇನೆ.

ವೇಗವರ್ಧಕರಾದ ತಮಗೆ ವಹಿಸಿದ ಕೆಲಸ ಬೆಟ್ಟ ಹೊರುವಂಥದ್ದಲ್ಲ. ಮೇಲಿನಿಂದ ಬರುವ ಮೀಥೇನನ್ನೂ ಇಂಗಾಲದ ಡೈಆಕ್ಸೈಡನ್ನೂ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್ ಬೆರೆತ ಸಿಂಥೆಸಿಸ್ ಗ್ಯಾಸ್ ಮಾಡಿ ಕೆಳಗೆ ಕಳುಹಿಸಬೇಕು, ಅಷ್ಟೆ. ತಮ್ಮ ಹಿರಿಯಣ್ಣ, ಅಂದರೆ ನಾನು ತಯಾರಿಸಿದ ಮೊದಲ ಪುಡಿ, ನೂರು ಗಂಟೆ ಹಾಗೆ ದುಡಿದ. ಅನಂತರದ ಹದಿನಾರು ಮಂದಿಯೋ, ಇಪ್ಪತ್ತು ಗಂಟೆಯೊಳಗೆ ಮೈತುಂಬ ಮಸಿ ಮೆತ್ತಿಕೊಂಡು ನಳಿಗೆಯನ್ನೇ ಮುಚ್ಚಿ, ಉಳಿದ ಮಸಿಯನ್ನು ಉದಾರವಾಗಿ ನನ್ನ ಮುಖಕ್ಕೆ ಬಿಟ್ಟುಕೊಟ್ಟರು.

ಆ ನೂರು ಗಂಟೆಯ ಮೊದಲ ಗ್ರಾಫ್ ನೀನು ನಿದ್ದೆಗಣ್ಣಿನಲ್ಲಿ ಬರೆದದ್ದಿರಬೇಕು, ಬರುವ ಶುಕ್ರವಾರ ಪಿಎಚ್.ಡಿ. ಸಮಿತಿಯ ಮುಂದೆ ಅದನ್ನು ಹಿಂತೆಗೆದುಕೋ ಎಂದು ಮಾರ್ಗದರ್ಶಕರು ಅಪ್ಪಣೆ ಕೊಡಿಸಿದರು. ಕೊನೆಗೆ ನನ್ನ ಕಣ್ಣನ್ನು ನಾನೇ ನಂಬದಂತಾದೆ. ತಮ್ಮ ವಂಶಸ್ಥರು ಕೊಟ್ಟ ನೋವುಗಳಲ್ಲಿ ಅದೇ ದೊಡ್ಡದು.

ಹೀಗಿರುವಾಗ, ಪ್ರಯೋಗಾಲಯಕ್ಕೆ ನೀರು ತುಂಬುವ ಹಿರಿಯ ಸಹಾಯಕರು, ನಾವೆಲ್ಲ ನೀರಣ್ಣ ಎನ್ನುವವರು, ಕಳೆದ ವಾರ ತಲೆ ಕೆರೆದುಕೊಳ್ಳುತ್ತ ಒಂದು ಗುಟ್ಟು ಬಿಟ್ಟುಕೊಟ್ಟರು. ಮೊದಲ ಪುಡಿ ತಯಾರಾದಾಗ ಬಟ್ಟಿ ಇಳಿಸುವ ಯಂತ್ರ ಕೆಟ್ಟಿತ್ತಂತೆ. ನನ್ನ ಪರದಾಟ ನೋಡಲಾರದೆ ಶುದ್ಧ ನೀರಿನ ಕ್ಯಾನಿಗೆ ನಲ್ಲಿ ನೀರನ್ನೇ ತುಂಬಿಟ್ಟಿದ್ದರಂತೆ. “ನೀರು ನೀರೇ ಅಲ್ವೇನಮ್ಮಾ,” ಎಂದರು.

ಕೆಟಲಿನ ತಳಕ್ಕೆ ಬಿಳಿ ಪದರ ಕಟ್ಟುವ ಆ ಗಡಸು ನೀರಿನ ಸುಣ್ಣವೇ ತಮ್ಮ ಅಣ್ಣನನ್ನು ಮಸಿಯಿಂದ ಕಾಪಾಡಿತ್ತೆಂಬ ಗುಮಾನಿಯಿಂದ ತಮ್ಮನ್ನೂ ಅದರಲ್ಲೇ ಮೀಯಿಸಿದ್ದೇನೆ. ಇದು ಎಂಬತ್ತೊಂದನೇ ಗಂಟೆ, ಮಸಿಯ ಸುಳಿವಿಲ್ಲ. ಹದಿನಾರು ಸಲ ಬಟ್ಟಿ ನೀರಿನಲ್ಲಿ ತೊಳೆದು ಮಡಿ ಮಾಡುತ್ತಿದ್ದ ನನಗೆ ತಮ್ಮ ಮನೆತನದಲ್ಲಿ ಒಬ್ಬರಾದರೂ ಒಂದು ಮಾತು ಹೇಳಬಾರದಿತ್ತೇ?

ದಯವಿಟ್ಟು ನೂರು ಗಂಟೆ ಪೂರೈಸಿ, ಸ್ವಲ್ಪ ತಣ್ಣಗಾಗಿ, ಶುಕ್ರವಾರ ಹನ್ನೊಂದಕ್ಕೆ ಸಮಿತಿಯ ಮುಂದೆ ಖುದ್ದಾಗಿ ಹಾಜರಾಗಿ, ಈ ಹುಡುಗಿ ಸುಳ್ಳು ಬರೆದಿರಲಿಲ್ಲವೆಂದು ಸಹಿ ಹಾಕಿಕೊಡಬೇಕಾಗಿ ಪ್ರಾರ್ಥನೆ.

ಇನ್ನು ಹತ್ತೊಂಬತ್ತು ಗಂಟೆಯ ಮಟ್ಟಿಗೆ ತಮ್ಮ ವಿಶ್ವಾಸಿ,
ಸ್ಟೂಲಿನವಳು

ಮರೆತ ಮಾತು: ಹೊಸ ಗ್ರಾಫನ್ನು ಇಣುಕಿ ನೋಡಿದ ಮಾರ್ಗದರ್ಶಕರು, ಇದನ್ನು ಮೊದಲೇ ಊಹಿಸಿದ್ದೆನೆಂದು ಹೇಳಿ, ಇದರ ಬಗ್ಗೆ ಬರೆಯುವ ಸಂಶೋಧನಾ ಲೇಖನದಲ್ಲಿ ನನ್ನ ಹೆಸರಿನ ಪಕ್ಕದ ಹೆಸರು ಯಾರದೆಂದು ವಿಚಾರಿಸಿದರು. ನೀರಣ್ಣನದೆಂದು ತಿಳಿಸಿದ್ದೇನೆ.